ಒಂದೇ ಭೂಮಿಗೆ ಇಬ್ಬರು ವಲ್ಲಭರು

ಹಳೆಯ ತಾಮ್ರಶಾಸನವೊಂದನ್ನು ಕೈಗೆತ್ತಿಕೊಂಡ ಓದುಗನು, ಯಾವ ಅರಸನು ಯಾವ ಊರನ್ನು ಯಾರಿಗೆ ಧಾರೆಯೆರೆದನೆಂಬುದನ್ನು ತಿಳಿಯುವ ಆತುರದಲ್ಲಿ, ಆ ಅರಸನ ಹೆಸರಿನ ಮುಂದೆ ದಿಬ್ಬಣದಂತೆ ಸಾಲುಗೊಂಡು ನಡೆಯುವ ಬಿರುದುಗಳನ್ನು ದಾಟಿಹೋಗುವುದು ಸಾಮಾನ್ಯ ವಾಡಿಕೆ. ವಂದಿಮಾಗಧರ ಹೊಗಳಿಕೆಗೆ ಲೆಕ್ಕವೆಲ್ಲಿದೆ ಎಂಬ ಅಸಡ್ಡೆ ಇದಕ್ಕೆ ಕಾರಣವಾಗಿರುವುದು. ಆ ಅಸಡ್ಡೆಯೂ ಸಂಪೂರ್ಣವಾಗಿ ನಿರಾಧಾರವಾದುದಲ್ಲ. ಆದರೆ ಶಾಸನದ ಪದ್ಯಭಾಗಕ್ಕೂ ಗದ್ಯಭಾಗಕ್ಕೂ ಒಂದು ಅಂತರವುಂಟು. ಪದ್ಯದಲ್ಲಿ ಕವಿಯು ತನ್ನ ಒಡೆಯನ ಕುದುರೆಗಳಿಗೆ ಮೂರು ಸಮುದ್ರಗಳ ನೀರನ್ನು ಕುಡಿಸಬಲ್ಲನು, ದಿಗ್ಗಜಗಳನ್ನು ನಡುಗಿಸಬಲ್ಲನು. ಅಲ್ಲಿ ಅವನನ್ನು ಕೇಳುವವರಿಲ್ಲ. ಗದ್ಯದಲ್ಲಿ ಬರೆಯಲ್ಪಡುವ ಪದವಿನಾಮವಾದರೋ ರಾಜ್ಯದ ವ್ಯವಹಾರಕ್ಕೆ ಸೇರಿದುದು. ಸಾಮಂತನೊಬ್ಬನು ತಾನು ಮಹಾರಾಜಾಧಿರಾಜನೆಂದು ತಾಮ್ರದ ಮೇಲೆ ಕೆತ್ತಿಸಿದನಾದರೆ ಅದು ಅಲಂಕಾರವೆನಿಸುವುದಿಲ್ಲ, ದಂಗೆಯೆನಿಸುತ್ತದೆ. ಆದಕಾರಣವೇ, ರಣರಂಗದ ವರ್ಣನೆಗಳನ್ನು ಅನುಮಾನದಿಂದ ನೋಡುವ ಇತಿಹಾಸಕಾರನೂ ಪದವಿನಾಮಗಳ ಬಳಿಗೆ ಬಂದಾಗ ನಿಂತು ಓದುತ್ತಾನೆ.

ರಾಷ್ಟ್ರಕೂಟ ಸಾಮ್ರಾಜ್ಯದ ಸಂಸ್ಥಾಪಕನಾದ ದಂತಿದುರ್ಗನ ಚರಿತ್ರೆಯನ್ನು ಹೀಗೆ ನಿಂತು ಓದುವುದಲ್ಲದೆ ಬೇರೆ ದಾರಿಯೇ ಇಲ್ಲವೆನ್ನಬೇಕು. ಅವನನ್ನು ಕುರಿತು ಬಾಣನು ಹರ್ಷನನ್ನು ಕುರಿತು ಬರೆದಂತಹ ಚರಿತಕಾವ್ಯವಿಲ್ಲ; ಅವನ ಆಸ್ಥಾನವನ್ನು ಕಂಡು ಬರೆದ ಪರದೇಶದ ಯಾತ್ರಿಕನಿಲ್ಲ. ಇರುವುದು ಕೆಲವು ತಾಮ್ರಪಟಗಳು, ಎಲ್ಲೋರದ ಗುಹೆಯೊಂದರ ಮಂಟಪದ ಮೇಲಣ ಅಪೂರ್ಣ ಶಾಸನ, ಮತ್ತು ಅವನ ವಂಶದವರು ತಲೆಮಾರುಗಳ ತರುವಾಯ ಅವನನ್ನು ನೆನೆದು ಬರೆಯಿಸಿದ ಪ್ರಶಸ್ತಿಗಳು. ಇವುಗಳಲ್ಲಿ ಎರಡನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು. ಶಕವರ್ಷ 663ರದೆಂದು, ಅಂದರೆ ಕ್ರಿ.ಶ. 741–42ರದೆಂದು ಓದಲಾಗಿರುವ ಎಲ್ಲೋರದ ತಾಮ್ರಪಟದಲ್ಲಿ ಅವನು ‘ಸಮಧಿಗತಪಂಚಮಹಾಶಬ್ದ’ನಾದ ‘ಮಹಾಸಾಮಂತಾಧಿಪತಿ’. ಶಕವರ್ಷ 675ರ, ಅಂದರೆ ಕ್ರಿ.ಶ. 753–54ರ ಸಾಮಾನಗಡದ ತಾಮ್ರಪಟದಲ್ಲಿ ಅವನು ‘ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ’. ನಡುವೆ ಹನ್ನೆರಡು ವರ್ಷ. ಆ ಹನ್ನೆರಡು ವರ್ಷಗಳಲ್ಲಿ ದಕ್ಷಿಣಾಪಥದ ಒಡೆತನವು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿತು.

ಪದವಿನಾಮಗಳ ಈ ಏಣಿಯು ಒಮ್ಮೆಗೇ ನಿರ್ಮಾಣವಾದುದಲ್ಲ. ಭರತಖಂಡದ ಬಹುಭಾಗವನ್ನಾಳಿದ ಅಶೋಕನು ತನ್ನ ಶಾಸನಗಳಲ್ಲಿ ತನ್ನನ್ನು ಕರೆದುಕೊಂಡುದು ಬರಿಯ ‘ರಾಜ’ನೆಂದು, ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ವಿಶೇಷಣಗಳಿದ್ದರೂ ಅಧಿಕಾರವನ್ನು ಸೂಚಿಸುವ ಪದ ಅದೊಂದೇ. ಕುಷಾಣರ ಕಾಲಕ್ಕೆ ರಾಜನು ಮಹಾರಾಜನೂ ರಾಜಾತಿರಾಜನೂ ಆದನು. ಗುಪ್ತರಲ್ಲಿ ಶ್ರೀಗುಪ್ತನೂ ಘಟೋತ್ಕಚನೂ ಮಹಾರಾಜರಾಗಿದ್ದು, ಮೊದಲನೆಯ ಚಂದ್ರಗುಪ್ತನು ಮಹಾರಾಜಾಧಿರಾಜನೆಂದು ಕರೆಯಲ್ಪಟ್ಟನೆಂಬುದನ್ನು ಪ್ರಯಾಗದ ಸ್ತಂಭಶಾಸನವು ತೋರಿಸುತ್ತದೆ. ಆ ಕುಲವು ಸಾಮ್ರಾಜ್ಯದ ಹೊಸ್ತಿಲನ್ನು ದಾಟಿದ ಕಾಲವನ್ನು ವಿದ್ವಾಂಸರು ಗುರುತಿಸುವುದು ಮುಖ್ಯವಾಗಿ ಆ ಒಂದು ಪದದ ವ್ಯತ್ಯಾಸದಿಂದಲೇ. ಪದಗಳು ದೊಡ್ಡವಾಗುತ್ತ ಬಂದಂತೆ ಹಳೆಯ ಪದಗಳ ಬೆಲೆ ಇಳಿಯುವುದೂ ಸಹಜ. ಒಂದು ಕಾಲದಲ್ಲಿ ಚಕ್ರವರ್ತಿಗೆ ಸಾಕಾಗಿದ್ದ ‘ರಾಜ’ ಎಂಬುದು ಏಳನೆಯ ಎಂಟನೆಯ ಶತಮಾನಗಳ ವೇಳೆಗೆ ಸಣ್ಣಪುಟ್ಟ ನಾಡೊಡೆಯರ ಪಾಲಿಗೆ ಬಂದಿತ್ತು.

ಏಣಿಯ ಮೇಲಿನ ಮೆಟ್ಟಿಲುಗಳಷ್ಟೇ ನಿಯತವಾಗಿ ಕೆಳಗಿನ ಮೆಟ್ಟಿಲುಗಳೂ ಇದ್ದುವು. ಸಮಧಿಗತಪಂಚಮಹಾಶಬ್ದನೆಂದರೆ ಪಂಚಮಹಾವಾದ್ಯಗಳ ಗೌರವವನ್ನು ಪಡೆದವನು. ಶೃಂಗ, ಶಂಖ, ಭೇರಿ, ಜಯಘಂಟೆ, ತಮ್ಮಟ ಎಂದು ಆ ವಾದ್ಯಗಳನ್ನು ಹೇಳುವುದುಂಟು. ಇವನ್ನು ಮುಂದೆ ಬಾರಿಸಿಕೊಂಡು ಹೊರಡುವ ಹಕ್ಕು ಎಲ್ಲರಿಗೂ ಇರಲಿಲ್ಲ. ಅದನ್ನು ಸಾರ್ವಭೌಮನು ದಯಪಾಲಿಸಬೇಕಾಗಿತ್ತು. ಹೀಗಾಗಿ ಆ ಬಿರುದು ಏಕಕಾಲದಲ್ಲಿ ಎರಡು ಸಂಗತಿಗಳನ್ನು ಸಾರುತ್ತಿತ್ತು: ಇವನು ದೊಡ್ಡ ಸಾಮಂತನೆಂಬುದು ಒಂದು, ಎಷ್ಟು ದೊಡ್ಡವನಾದರೂ ಇವನ ಮೇಲೆ ಇನ್ನೊಬ್ಬನಿದ್ದಾನೆಂಬುದು ಮತ್ತೊಂದು. ಸದ್ದುಮಾಡುತ್ತ ಬರುವ ಪರಾಧೀನತೆಯೆಂದು ಅದನ್ನು ಕರೆದರೆ ತಪ್ಪಾಗಲಾರದು.

ದಂತಿದುರ್ಗನ ಮೇಲಿದ್ದ ಆ ಇನ್ನೊಬ್ಬನು ಬಾದಾಮಿಯ ಚಾಲುಕ್ಯ ಚಕ್ರವರ್ತಿ. ಕ್ರಿ.ಶ. 543ರಲ್ಲಿ, ಶಕವರ್ಷ 465ರಲ್ಲಿ, ವಾತಾಪಿಯ ಬೆಟ್ಟವನ್ನು ದುರ್ಗವಾಗಿ ಮಾಡಿ ಅಶ್ವಮೇಧವನ್ನಾಚರಿಸಿದ ಮೊದಲನೆಯ ಪುಲಕೇಶಿಯಿಂದ ಉನ್ನತಿಗೆ ಬಂದ ಆ ಮನೆತನವು ಎರಡು ಶತಮಾನಗಳ ಕಾಲ ದಖ್ಖಣವನ್ನಾಳಿತು. ಅವರ ಪದವಿನಾಮಗಳಲ್ಲಿ ಪ್ರಧಾನವಾದುದು ‘ಶ್ರೀಪೃಥ್ವೀವಲ್ಲಭ’. ಶ್ರೀಗೂ ಪೃಥ್ವಿಗೂ ವಲ್ಲಭನಾದವನು ಮಹಾವಿಷ್ಣು. ಆ ವಿಷ್ಣುವೇ ವರಾಹರೂಪದಿಂದ ಭೂದೇವಿಯನ್ನು ರಸಾತಳದಿಂದ ಎತ್ತಿ ತಂದವನು. ಚಾಲುಕ್ಯರ ಲಾಂಛನವಾದರೋ ವರಾಹ. ಬಾದಾಮಿಯ ಗುಹೆಗಳಲ್ಲಿ ಭೂದೇವಿಯನ್ನು ಕೈಯಲ್ಲಿ ಹೊತ್ತು ನಿಂತಿರುವ ವರಾಹಮೂರ್ತಿಯನ್ನು ಕಂಡವರಿಗೆ, ಬಿರುದೂ ಲಾಂಛನವೂ ಶಿಲ್ಪವೂ ಒಂದೇ ಮಾತನ್ನಾಡುತ್ತಿರುವುದು ವಿಶದವಾಗುತ್ತದೆ: ಈ ಭೂಮಿಯನ್ನು ಎತ್ತಿದವರು ನಾವು, ಆದುದರಿಂದ ಇದರ ವಲ್ಲಭರು ನಾವು. ಮುಂದೆ ಇಮ್ಮಡಿ ಪುಲಕೇಶಿಯು ಉತ್ತರಾಪಥದ ಹರ್ಷವರ್ಧನನನ್ನು ಹಿಮ್ಮೆಟ್ಟಿಸಿದಾಗ ಅದಕ್ಕೆ ‘ಪರಮೇಶ್ವರ’ನೆಂಬ ಎರಡನೆಯ ಹೆಸರು ಕೂಡಿತೆಂದು ಅವನ ವಂಶಜರು ತಮ್ಮ ಶಾಸನಗಳಲ್ಲಿ ತಪ್ಪದೆ ಬರೆಯಿಸಿದರು. ಹೀಗೆ ‘ವಲ್ಲಭ’ ಎಂಬುದು ದಖ್ಖಣದಲ್ಲಿ ಒಬ್ಬ ವ್ಯಕ್ತಿಯ ಬಿರುದಾಗಿ ಉಳಿಯದೆ, ಸಿಂಹಾಸನದ ಹೆಸರೇ ಆಗಿಹೋಯಿತು. ಕನ್ನಡಿಗರ ಬಾಯಲ್ಲಿ ಅದು ‘ಬಲ್ಲಹ’ನೆಂದು ಪಳಗಿತು.

ದಂತಿದುರ್ಗನ ಪೂರ್ವಿಕರಾದರೋ ಇಂತಹ ಕೀರ್ತಿಯ ಸಮೀಪಕ್ಕೂ ಬಂದವರಲ್ಲ. ಎಲ್ಲೋರದ ದಶಾವತಾರ ಗುಹೆಯ ಆ ಶಾಸನವು ದಂತಿವರ್ಮ, ಇಂದ್ರರಾಜ, ಗೋವಿಂದರಾಜ, ಕರ್ಕರಾಜ, ಇಂದ್ರರಾಜ ಎಂದು ಐದು ತಲೆಗಳನ್ನು ಎಣಿಸಿ ದಂತಿದುರ್ಗನ ಬಳಿಗೆ ಬರುತ್ತದೆ. ಅವರು ಆಳುತ್ತಿದ್ದ ನಾಡು ಎಲ್ಲಿತ್ತೆಂಬುದರ ಮೇಲೆ ವಿದ್ವಾಂಸರು ವಾದಿಸಿದ್ದಾರೆ. 1934ರಲ್ಲಿ ರಾಷ್ಟ್ರಕೂಟರ ವಿಸ್ತಾರವಾದ ಇತಿಹಾಸವನ್ನು ಪ್ರಕಟಿಸಿದ ಅಳ್ತೇಕರರು ಅದು ವರಾಡ ಪ್ರಾಂತವಾಗಿರಬೇಕೆಂದು ಅಭಿಪ್ರಾಯಪಟ್ಟರು. ಈ ಅರಸರು ತಮ್ಮನ್ನು ‘ಲಟ್ಟಲೂರ ಪುರವರಾಧೀಶ್ವರ’ರೆಂದು, ಅಂದರೆ ಇಂದಿನ ಲಾತೂರಿನ ಒಡೆಯರೆಂದು ಹೇಳಿಕೊಂಡುದರಿಂದ ಅವರ ಮೂಲವು ಆ ಕಾಲದ ಕನ್ನಡನಾಡಿನೊಳಗೇ ಇದ್ದಿತೆಂಬುದಕ್ಕೆ ಬಲ ಬರುತ್ತದೆ. ಏನೇ ಆಗಲಿ, ಅದು ಚಾಲುಕ್ಯ ಸಾಮ್ರಾಜ್ಯದ ಬಡಗಣ ಅಂಚಿನಲ್ಲಿದ್ದ ಸಾಮಂತ ಮನೆತನ; ಅಂಚಿನಲ್ಲಿದ್ದುದೇ ಅದರ ಭಾಗ್ಯ.

ಈ ಮನೆತನದ ಏಳಿಗೆಯ ಮೊದಲ ಸಂಗತಿಯು ಯುದ್ಧಭೂಮಿಯಲ್ಲಿ ನಡೆದುದಲ್ಲ, ಮದುವೆಯ ಚಪ್ಪರದಲ್ಲಿ ನಡೆದುದು. ಅಮೋಘವರ್ಷನ ಕಾಲದ, 871ರ ಸಂಜಾನ್ ತಾಮ್ರಪಟವು ಹೇಳುವಂತೆ, ದಂತಿದುರ್ಗನ ತಂದೆಯಾದ ಇಂದ್ರರಾಜನು ಖೇಟಕದಲ್ಲಿ, ಅಂದರೆ ಗುಜರಾತಿನ ಖೇಡಾದಲ್ಲಿ, ಚಾಲುಕ್ಯ ರಾಜಕನ್ಯೆಯೊಬ್ಬಳನ್ನು ವಿವಾಹಮಂಟಪದಿಂದಲೇ ರಾಕ್ಷಸವಿಧಿಯಿಂದ ಅಪಹರಿಸಿ ಮದುವೆಯಾದನು. ಇತಿಹಾಸಗ್ರಂಥಗಳು ಭವನಾಗಾ ಎಂದು ಕರೆಯುವ ಆಕೆಯೇ ದಂತಿದುರ್ಗನ ತಾಯಿ. ನೂರು ವರ್ಷಗಳಿಗೂ ಮಿಗಿಲಾದ ಕಾಲದ ತರುವಾಯವೂ ವಂಶಜರು ಈ ಅಪಹರಣವನ್ನು ಮುಚ್ಚಿಡದೆ ಹೆಮ್ಮೆಯಿಂದಲೇ ಬರೆಯಿಸಿದರೆಂಬುದು ಗಮನಾರ್ಹ. ಆಕೆಯ ಮನಸ್ಸಿನಲ್ಲಿ ಏನಿದ್ದಿತೆಂಬುದನ್ನು ಯಾವ ಪ್ರಶಸ್ತಿಕಾರನೂ ಕೇಳಲಿಲ್ಲ. ಆದರೆ ಮಗನು ಆಕೆಯನ್ನು ಮರೆಯಲಿಲ್ಲ. ತನ್ನ ರಾಜ್ಯದ ನಾಲ್ಕು ಲಕ್ಷ ಗ್ರಾಮಗಳಲ್ಲಿ ಊರೂರಿಗೂ ಆಕೆ ಮಾಡಿದ ಭೂದಾನಗಳನ್ನು ಸಾಮಾನಗಡದ ಶಾಸನವು ಕೊಂಡಾಡುತ್ತದೆ. ನಾಲ್ಕು ಲಕ್ಷವೆಂಬುದು ಕವಿಯ ಲೆಕ್ಕವೆಂದೇ ಇಟ್ಟುಕೊಳ್ಳೋಣ. ಸಾಮ್ರಾಜ್ಯವನ್ನು ಕಟ್ಟಿದವನ ಪ್ರಶಸ್ತಿಯಲ್ಲಿ ತಾಯಿಗೆ ಇಷ್ಟು ವಿಶಾಲವಾದ ಸ್ಥಳವು ದೊರೆತುದು ಬರಿಯ ಮಾತೃಭಕ್ತಿಯಿಂದ ಮಾತ್ರವೇ ಎಂದು ನನಗೆ ತೋರುವುದಿಲ್ಲ. ವಲ್ಲಭಪದವಿಯ ಮೇಲೆ ಕೈಯಿಟ್ಟವನ ಮೈಯಲ್ಲಿ ವಲ್ಲಭರ ರಕ್ತವೂ ಹರಿಯುತ್ತಿದ್ದಿತೆಂಬುದನ್ನು ಜನರು ಮರೆಯದಿರುವುದು ಅವನಿಗೆ ಪ್ರಯೋಜನಕರವಾಗಿಯೇ ಇದ್ದಿತು.

ಅಂಚಿನ ಸಾಮಂತರಿಗೆ ಅವಕಾಶವನ್ನು ತಂದುಕೊಟ್ಟುದು ಅರಬ್ಬರ ದಂಡಯಾತ್ರೆ. ಸಿಂಧವನ್ನು ಹಿಡಿದಿದ್ದ ಅರಬ್ಬರ ಸೈನ್ಯವು ಕಚ್ಛ, ಸೌರಾಷ್ಟ್ರ, ಗುರ್ಜರ ದೇಶಗಳನ್ನು ತುಳಿದು ದಕ್ಷಿಣದತ್ತ ತಿರುಗಿದಾಗ ಲಾಟದೇಶದ ಚಾಲುಕ್ಯ ಶಾಖೆಯ ಅವನಿಜನಾಶ್ರಯ ಪುಲಕೇಶಿಯು ನವಸಾರಿಯಲ್ಲಿ ಅದನ್ನು ಎದುರಿಸಿ ಮುರಿದನು. ಅವನ 738–39ರ ನವಸಾರಿ ತಾಮ್ರಪಟವು ಶತ್ರುಗಳನ್ನು ‘ತಾಜಿಕ’ರೆಂದು ಕರೆದು, ಈ ವಿಜಯಕ್ಕಾಗಿ ವಲ್ಲಭನರೇಂದ್ರನು, ಅಂದರೆ ಬಾದಾಮಿಯ ಇಮ್ಮಡಿ ವಿಕ್ರಮಾದಿತ್ಯನು, ಅವನಿಗೆ ನಾಲ್ಕು ಬಿರುದುಗಳನ್ನು ಕೊಟ್ಟನೆಂದು ಹೇಳುತ್ತದೆ, ಅವುಗಳಲ್ಲೊಂದು ‘ಪೃಥ್ವೀವಲ್ಲಭ’. ಚಕ್ರವರ್ತಿಯು ತನ್ನ ಹೆಸರಿನ ಒಂದು ತುಣುಕನ್ನೇ ಕಿತ್ತು ಸಾಮಂತನಿಗೆ ಉಡುಗೊರೆಯಾಗಿ ಕೊಟ್ಟಂತಾಯಿತು. ಇದಾದ ಕೆಲವೇ ವರ್ಷಗಳಲ್ಲಿ ಎಲ್ಲೋರದ ತಾಮ್ರಪಟದಲ್ಲಿ ದಂತಿದುರ್ಗನೂ, ಸಾಮಂತನಾಗಿದ್ದುಕೊಂಡೇ, ‘ಪೃಥ್ವೀವಲ್ಲಭ’ನೆಂದೂ ‘ಖಡ್ಗಾವಲೋಕ’ನೆಂದೂ ಕಾಣಿಸಿಕೊಳ್ಳುತ್ತಾನೆ. ಅರಬ್ಬರ ಮೇಲಣ ಹೋರಾಟದಲ್ಲಿ ಇವನೂ ಪಾಲುಗೊಂಡು, ಇವನಿಗೂ ಅದೇ ಕೈಯಿಂದ ಅದೇ ಬಹುಮಾನ ದೊರೆತಿರಬೇಕೆಂಬ ಊಹೆಯು ಯುಕ್ತವಾಗಿಯೇ ಇದೆ. ಖಡ್ಗಾವಲೋಕನೆಂಬುದು, ನೋಟವೇ ಖಡ್ಗವಾಗಿರುವವನೆಂಬುದು, ಅವನ ಸ್ವಂತದ ಬಿರುದು, ಪೃಥ್ವೀವಲ್ಲಭನೆಂಬುದು ಎರವಲು. ಮುಂದಿನ ಕಥೆಯೆಲ್ಲ ಎರವಲು ಸ್ವಂತವಾದ ಕಥೆ.

ಇಮ್ಮಡಿ ವಿಕ್ರಮಾದಿತ್ಯನು ಬದುಕಿರುವವರೆಗೆ ದಂತಿದುರ್ಗನು ತಲೆಯೆತ್ತಿದಂತೆ ಕಾಣುವುದಿಲ್ಲ. ಆ ಚಕ್ರವರ್ತಿಯು ಕಾಂಚಿಯನ್ನು ಗೆದ್ದರೂ ಅದನ್ನು ಸುಲಿಯದೆ, ಅಲ್ಲಿನ ರಾಜಸಿಂಹೇಶ್ವರ ದೇವಾಲಯದ ಐಶ್ವರ್ಯವನ್ನು ದೇವರಿಗೇ ಹಿಂದಿರುಗಿಸಿ, ಆ ಸಂಗತಿಯನ್ನು ಪಲ್ಲವರ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿ ಬಂದವನು. ಆ ವಿಜಯದ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಇಂದು ವಿರೂಪಾಕ್ಷವೆಂದು ಹೆಸರಾಗಿರುವ ದೇವಾಲಯವನ್ನು ಕಟ್ಟಿಸಿದಳು. 740ರ ದಶಕದ ನಡುಭಾಗದಲ್ಲಿ ಅವನ ಮಗ ಇಮ್ಮಡಿ ಕೀರ್ತಿವರ್ಮನು ಪಟ್ಟಕ್ಕೆ ಬಂದನು. ಪಲ್ಲವರೊಡನೆ ತಲೆತಲಾಂತರದಿಂದ ನಡೆದ ಯುದ್ಧಗಳಿಂದ ಚಾಲುಕ್ಯರ ಬಲವು ಹೊರಗೆ ಉಜ್ಜ್ವಲವಾಗಿ ತೋರುತ್ತಿದ್ದರೂ ಒಳಗೆ ಸವೆದಿತ್ತು. ಅವರ ದೃಷ್ಟಿಯು ಯಾವಾಗಲೂ ತೆಂಕಣ ದಿಕ್ಕಿಗೆ ನೆಟ್ಟಿತ್ತು. ಅಪಾಯವು ಬಡಗಣಿಂದ ಬಂದಿತು.

ದಂತಿದುರ್ಗನ ನಡೆಯಲ್ಲಿ ಕಾಣುವ ಮುಖ್ಯ ಗುಣವು ಸಾಹಸಕ್ಕಿಂತಲೂ ಹೆಚ್ಚಾಗಿ ತಾಳ್ಮೆ. ಅವನು ನೇರವಾಗಿ ವಾತಾಪಿಯ ಮೇಲೆ ಬೀಳಲಿಲ್ಲ. ಶಾಸನಗಳು ಎಣಿಸುವ ಅವನ ವಿಜಯಗಳಲ್ಲಿ ಲಾಟ, ಮಾಳವ, ಕೋಸಲ, ಕಳಿಂಗ, ಶ್ರೀಶೈಲ, ಕಾಂಚಿಗಳ ಹೆಸರುಗಳು ಬರುತ್ತವೆ. ಈ ಹೆಸರುಗಳನ್ನು ಭೂಪಟದ ಮೇಲೆ ಗುರುತಿಸಿದರೆ, ಚಾಲುಕ್ಯ ರಾಜ್ಯದ ಹೃದಯಭಾಗವನ್ನು ಬಿಟ್ಟು ಅದರ ಸುತ್ತಲೂ ಒಂದು ಬಳಸು ಬಿದ್ದಂತೆ ಕಾಣುವುದು. ಕಾಂಚಿಯ ವಿಷಯದಲ್ಲಂತೂ ಅವನ ಜಾಣ್ಮೆಯು ಎದ್ದುಕಾಣುತ್ತದೆ. ಪಲ್ಲವ ನಂದಿವರ್ಮನ ರಾಣಿ ರೇವಾ ಎಂಬಾಕೆಯು ರಾಷ್ಟ್ರಕೂಟರ ಮಗಳು, ಬಹುಶಃ ದಂತಿದುರ್ಗನ ಮಗಳೇ ಎಂದು ಇತಿಹಾಸಕಾರರು ಭಾವಿಸುತ್ತಾರೆ; ನಂದಿವರ್ಮನ ಮಗನಿಗೆ ದಂತಿವರ್ಮನೆಂದು ಹೆಸರಿಟ್ಟುದು ಈ ಭಾವನೆಯನ್ನು ಪುಷ್ಟಿಗೊಳಿಸುತ್ತದೆ. ಚಾಲುಕ್ಯರ ಆಜನ್ಮ ವೈರಿಯು ಹೀಗೆ ದಂತಿದುರ್ಗನ ನಂಟನಾದನು.

ಉತ್ತರದಲ್ಲಿ ಅವನು ಮಾಡಿದ ಕೆಲಸವು ಇದಕ್ಕಿಂತಲೂ ಅರ್ಥಗರ್ಭಿತವಾದುದು. ಉಜ್ಜಯಿನಿಯಲ್ಲಿ ಅವನು ಹಿರಣ್ಯಗರ್ಭ ಮಹಾದಾನವನ್ನಾಚರಿಸಿದನೆಂದೂ, ಆ ಸಮಯದಲ್ಲಿ ಗುರ್ಜರೇಶ್ವರನೇ ಮೊದಲಾದ ಅರಸರನ್ನು ಬಾಗಿಲು ಕಾಯುವ ಪ್ರತಿಹಾರರನ್ನಾಗಿ ನಿಲ್ಲಿಸಿದನೆಂದೂ ಸಂಜಾನ್ ತಾಮ್ರಪಟವು ಹೇಳುತ್ತದೆ. ಗುರ್ಜರರ ಕುಲನಾಮವೇ ಪ್ರತಿಹಾರವಾದುದರಿಂದ ಕವಿಯು ಇಲ್ಲಿ ನಗುತ್ತ ಬರೆದಿದ್ದಾನೆಂಬುದರಲ್ಲಿ ಸಂದೇಹವಿಲ್ಲ. ಹಿರಣ್ಯಗರ್ಭವೆಂದರೆ ಚಿನ್ನದ ದೊಡ್ಡ ಪಾತ್ರೆಯೊಂದನ್ನು ಮಾಡಿಸಿ, ಯಜಮಾನನು ಅದರೊಳಗೆ ಗರ್ಭಸ್ಥ ಶಿಶುವಿನಂತೆ ಕುಳಿತು, ಪುರೋಹಿತರು ಗರ್ಭಾಧಾನಾದಿ ಸಂಸ್ಕಾರಗಳ ಮಂತ್ರಗಳನ್ನು ಹೇಳಿದ ಬಳಿಕ ಹೊರಗೆ ಬಂದು, ತಾನು ಹೊಸದಾಗಿ ದಿವ್ಯದೇಹದಿಂದ ಹುಟ್ಟಿದೆನೆಂದು ಭಾವಿಸಿ, ಆ ಚಿನ್ನವನ್ನು ಬ್ರಾಹ್ಮಣರಿಗೆ ಹಂಚುವ ವಿಧಿ. ಪುರಾಣಗಳು ಹೇಳುವ ಷೋಡಶ ಮಹಾದಾನಗಳಲ್ಲಿ ಇದೂ ಒಂದು. ಮೊದಲನೆಯ ಪುಲಕೇಶಿಯೂ ಇದನ್ನು ಮಾಡಿದ್ದನೆಂಬುದನ್ನು ನೆನೆದರೆ ದಂತಿದುರ್ಗನ ಅಭಿಪ್ರಾಯವು ಸ್ಫುಟವಾಗುತ್ತದೆ. ಪಂಚಮಹಾಶಬ್ದಗಳನ್ನು ಇನ್ನೊಬ್ಬನಿಂದ ಪಡೆದ ಸಾಮಂತನು ಆ ಚಿನ್ನದ ಗರ್ಭದೊಳಗೆ ಇಳಿದನು. ಹೊರಗೆ ಬಂದವನು ಯಾರಿಗೂ ಸಾಮಂತನಾಗಿರಲಿಲ್ಲ. ಪದವಿಯನ್ನು ಖಡ್ಗದಿಂದ ಕಿತ್ತುಕೊಳ್ಳಬಹುದು, ಆದರೆ ಅದನ್ನು ಧರಿಸುವ ಯೋಗ್ಯತೆಗೆ ಜನರ ಕಣ್ಣೆದುರಿನಲ್ಲಿ ಒಂದು ಸಂಸ್ಕಾರ ಬೇಕೆಂಬುದನ್ನು ಅವನು ಬಲ್ಲವನಾಗಿದ್ದನು.

ಆ ಬಳಿಕ ವಲ್ಲಭನೊಡನೆ ಯುದ್ಧ. ಅದು ಎಲ್ಲಿ ನಡೆಯಿತು, ಎಷ್ಟು ದಿನ ನಡೆಯಿತು ಎಂಬುದನ್ನು ಸಾಮಾನಗಡದ ಶಾಸನವು ಹೇಳುವುದಿಲ್ಲ. ಹೇಳುವ ರೀತಿಯು ಮಾತ್ರ ವಿಚಿತ್ರವಾಗಿದೆ. ಹುಬ್ಬುಗಂಟಿಕ್ಕದೆ, ಹರಿತವಾದ ಆಯುಧವನ್ನೆತ್ತದೆ, ಆಯಾಸಪಡದೆ ಅವನು ವಲ್ಲಭನನ್ನು ಒಮ್ಮೆಗೇ ಗೆದ್ದು ರಾಜಾಧಿರಾಜ ಪರಮೇಶ್ವರತ್ವವನ್ನು ಪಡೆದನೆಂಬುದು ಅದರ ತಾತ್ಪರ್ಯ. ಅನಾಯಾಸವಾಗಿ ಗೆದ್ದನೆಂಬುದು ಪ್ರಶಸ್ತಿಗಳ ಮಾಮೂಲು ಮಾತಾಗಿರಬಹುದು. ಆದರೆ ಗೆಲವಿನ ಫಲವನ್ನು ಹೇಳುವಾಗ ಆನೆ ಕುದುರೆ ಭಂಡಾರಗಳ ಮಾತೆತ್ತದೆ, ಒಂದು ಪದವಿಯನ್ನು ಮಾತ್ರ ಹೆಸರಿಸಿರುವುದು ಮಾಮೂಲಲ್ಲ. ಯುದ್ಧ ನಡೆದುದು ಆ ಪದವಿಗಾಗಿ ಎಂಬಂತಿದೆ ಅದರ ಧಾಟಿ. ಅದೇ ಶಾಸನದ ಇನ್ನೊಂದು ಪದ್ಯವು ಕನ್ನಡಿಗರಿಗೆ ವಿಶೇಷವಾಗಿ ಪರಿಚಿತವಾದುದು. ಕಾಂಚಿಯ ಒಡೆಯನನ್ನೂ ಕೇರಳ ಚೋಳ ಪಾಂಡ್ಯರನ್ನೂ ಶ್ರೀಹರ್ಷನನ್ನೂ ವಜ್ರಟನನ್ನೂ ಮುರಿಯುವುದರಲ್ಲಿ ನಿಪುಣವಾಗಿದ್ದ ಅಪಾರವಾದ ಕರ್ನಾಟಕ ಬಲವನ್ನು ದಂತಿದುರ್ಗನು ಕೆಲವೇ ಭೃತ್ಯರೊಡನೆ ಜಯಿಸಿದನೆಂದು ಅಲ್ಲಿ ಹೇಳಿದೆ. ಸೋತವನ ಸೈನ್ಯವನ್ನು ಗೆದ್ದವನ ಕವಿಯು ಹೀಗೆ ಹೊಗಳಿದನೆಂಬುದು ಸೋಜಿಗವಲ್ಲ, ಸೋತವನು ದೊಡ್ಡವನಾದಷ್ಟೂ ಗೆದ್ದವನು ದೊಡ್ಡವನಾಗುವನಷ್ಟೆ; ಆದರೂ ಇಮ್ಮಡಿ ಪುಲಕೇಶಿಯ ನಂತರ ನೂರು ವರ್ಷಗಳಿಗೂ ಮಿಗಿಲಾದ ಕಾಲ ಕಳೆದಿದ್ದಾಗ, ಹರ್ಷನನ್ನು ತಡೆದ ಸೈನ್ಯವೆಂಬ ಖ್ಯಾತಿಯು ಶತ್ರುವಿನ ತಾಮ್ರಪಟದಲ್ಲಿಯೂ ಉಳಿದುಕೊಂಡಿದ್ದುದು ಸಾಮಾನ್ಯ ಸಂಗತಿಯಲ್ಲ.

ಈ ಶಾಸನವನ್ನು ಹೊರಡಿಸಿದುದು ಮಾಘಮಾಸದ ರಥಸಪ್ತಮಿಯಂದು, ದಂತಿದುರ್ಗನು ತುಲಾಪುರುಷ ದಾನವನ್ನು ಮಾಡಿದ ಸಂದರ್ಭದಲ್ಲಿ. ತಾಮ್ರಪಟ ಸಿಕ್ಕಿದ ಸಾಮಾನಗಡವು ಇಂದಿನ ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜದ ಬಳಿಯಲ್ಲಿದೆ. ಅಲ್ಲಿಂದ ಬೆಳಗಾವಿಯೂ ದೂರವಲ್ಲ. ಅಂದರೆ ಅಂಚಿನ ಸಾಮಂತನು ಆ ವೇಳೆಗೆ ಚಾಲುಕ್ಯರ ಮನೆಯಂಗಳಕ್ಕೇ ಬಂದು ನಿಂತು ಭೂಮಿಯನ್ನು ದಾನಮಾಡುತ್ತಿದ್ದನು.

ಇಲ್ಲಿಗೆ ಚಾಲುಕ್ಯರ ಕಥೆ ಮುಗಿಯಿತೆಂದು ಶಾಲೆಯ ಪುಸ್ತಕಗಳು ಹೇಳುವುದುಂಟು. ಮುಗಿಯಲಿಲ್ಲ. ಪಟ್ಟದಕಲ್ಲಿನಲ್ಲಿ ಕೀರ್ತಿವರ್ಮನ ಆಳ್ವಿಕೆಯ ಒಂದು ಕಂಬದ ಶಾಸನವಿದೆ. ಗಂಗೆಯ ಬಡಗಣ ದಡದಿಂದ ಬಂದ ಜ್ಞಾನಶಿವಾಚಾರ್ಯರೆಂಬ ಯತಿಗಳು ಅದನ್ನು ನಿಲ್ಲಿಸಿದವರು. ಒಂದೇ ಪಾಠವನ್ನು ಉತ್ತರದ ಲಿಪಿಯಲ್ಲಿಯೂ ಕನ್ನಡ ಲಿಪಿಯಲ್ಲಿಯೂ ಬರೆಯಿಸಿರುವುದು ಅದರ ವಿಶೇಷ. ಅದರಲ್ಲಿ ಉಕ್ತವಾದ ಸೂರ್ಯಗ್ರಹಣವು 754ನೆಯ ಇಸವಿಯ ಜೂನ್ 25ರಂದು ಸಂಭವಿಸಿತೆಂದು ಗಣಿತಜ್ಞರು ನಿರ್ಧರಿಸಿದ್ದಾರೆ. ಸಾಮಾನಗಡದ ಶಾಸನದಲ್ಲಿ ದಂತಿದುರ್ಗನು ವಲ್ಲಭನನ್ನು ಗೆದ್ದು ಪರಮೇಶ್ವರನಾದ ಬಳಿಕ, ಪಟ್ಟದಕಲ್ಲಿನ ಗುಡಿಗಳ ನೆರಳಿನಲ್ಲಿ ಕೀರ್ತಿವರ್ಮನೇ ಇನ್ನೂ ಚಕ್ರವರ್ತಿ! ಅಷ್ಟೇ ಅಲ್ಲ, ಕೋಲಾರ ಜಿಲ್ಲೆಯ ವಕ್ಕಲೇರಿಯಲ್ಲಿ ದೊರೆತ ತಾಮ್ರಪಟವು, ಶಕವರ್ಷ 679ರಲ್ಲಿ, ಅಂದರೆ 757ರಲ್ಲಿ, ತನ್ನ ಆಳ್ವಿಕೆಯ ಹನ್ನೊಂದನೆಯ ವರ್ಷದಲ್ಲಿ ಕೀರ್ತಿವರ್ಮನು ಭೀಮರಥಿಯ, ಅಂದರೆ ಭೀಮಾನದಿಯ, ಬಡಗಣ ದಡದ ಬೀಡಿನಿಂದ ಹೊರಡಿಸಿದುದು. ಅದರಲ್ಲಿ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರನೆಂಬ ಪದವಿಗಳಿಗೆ ಯಾವ ಕುಂದೂ ಬಂದಿಲ್ಲ. ಅಪ್ಪನ ಕಾಂಚಿವಿಜಯ, ಯುವರಾಜನಾಗಿ ತಾನು ಪಲ್ಲವನ ಮೇಲೆ ನಡೆಸಿದ ದಂಡಯಾತ್ರೆ, ಎಲ್ಲವೂ ಯಥಾಪ್ರಕಾರ ವರ್ಣಿತವಾಗಿವೆ. ದಂತಿದುರ್ಗನೆಂಬ ಮನುಷ್ಯನೊಬ್ಬನು ಹುಟ್ಟಿಯೇ ಇರಲಿಲ್ಲವೇನೋ ಎಂಬಂತೆ. ನನಗೆ ಈ ಶಾಸನವನ್ನು ನೆನೆದಾಗಲೆಲ್ಲ ಅದರ ಮೌನವೇ ಹೆಚ್ಚು ಮಾತನಾಡುವಂತೆ ತೋರುತ್ತದೆ. ರಾಜಧಾನಿಯಲ್ಲಿ ಕುಳಿತು ದಾನಮಾಡಬೇಕಾದ ದೊರೆಯು ನದಿಯ ದಡದ ಪಾಳೆಯದಲ್ಲಿ ಏಕೆ ಇದ್ದನು? ಕಳೆದುಹೋದ ಬಡಗಣ ನಾಡನ್ನು ಮರಳಿ ಪಡೆಯಲು ದಂಡುಕಟ್ಟಿಕೊಂಡು ಹೊರಟಿದ್ದಿರಬೇಕು. ಹೀಗೆ ಕನಿಷ್ಠಪಕ್ಷ ಮೂರು ನಾಲ್ಕು ವರ್ಷಗಳ ಕಾಲ ದಖ್ಖಣದ ಒಂದೇ ಭೂಮಿಗೆ ಇಬ್ಬರು ವಲ್ಲಭರ ಕುಲಗಳು ಹಕ್ಕು ಹೂಡಿದ್ದುವು.

ಈ ವ್ಯಾಜ್ಯದ ತೀರ್ಪನ್ನು ದಂತಿದುರ್ಗನು ನೋಡಲಿಲ್ಲ. 756ರ ಸುಮಾರಿಗೆ ಅವನು ಗಂಡುಸಂತಾನವಿಲ್ಲದೆ ತೀರಿಕೊಂಡು ಅವನ ಚಿಕ್ಕಪ್ಪ ಮೊದಲನೆಯ ಕೃಷ್ಣನು ಪಟ್ಟವೇರಿದನು. ದಾರಿತಪ್ಪಿದ ದಾಯಾದಿಯೊಬ್ಬನನ್ನು ಕೃಷ್ಣನು ಕಿತ್ತೊಗೆದನೆಂದು ಬರೋಡೆಯ ತಾಮ್ರಪಟದಲ್ಲಿ ಬರುವ ಮಾತನ್ನು ಹಿಡಿದು, ಅವನು ದಂತಿದುರ್ಗನನ್ನೇ ಪದಚ್ಯುತಗೊಳಿಸಿದನೆಂದು ಹಿಂದಿನ ಕೆಲವು ವಿದ್ವಾಂಸರು ತರ್ಕಿಸಿದ್ದುಂಟು. ಆ ದಾಯಾದಿಯು ಬೇರೊಬ್ಬನಿರಬೇಕೆಂದು ಅಳ್ತೇಕರರು ಅದನ್ನು ಅಲ್ಲಗಳೆದಿದ್ದಾರೆ. ಚಾಲುಕ್ಯರನ್ನು ನಿಶ್ಶೇಷಗೊಳಿಸಿದವನು ಈ ಕೃಷ್ಣನೇ. ಯುದ್ಧದ ತುರಿಕೆಯಿಂದ ಮೇಲೆ ಬಿದ್ದ ಮಹಾವರಾಹವನ್ನು ಅವನು ಹರಿಣವನ್ನಾಗಿ ಮಾಡಿದನೆಂದು ರಾಷ್ಟ್ರಕೂಟರ ಶಾಸನಕವಿಯು ಚಮತ್ಕಾರವಾಗಿ ಹೇಳುತ್ತಾನೆ. ವರಾಹಲಾಂಛನದ ಮನೆತನವು ಜಿಂಕೆಯಂತೆ ಓಡಿತೆಂಬುದು ಅಭಿಪ್ರಾಯ. 768ರ ತಳೆಗಾಂವ್ ಶಾಸನದ ವೇಳೆಗೆ ಅವನ ಬೀಡು ಗಂಗವಾಡಿಯ ಮಣ್ಣೆಯಲ್ಲಿದ್ದಿತು. ಎಲ್ಲೋರದ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿದು ಕೈಲಾಸನಾಥನ ದೇಗುಲವನ್ನು ತೆಗೆಯಿಸಿದವನೂ ಅವನೇ. ದಂತಿದುರ್ಗನು ಸಾಮಂತನಾಗಿ ತೀರ್ಥಸ್ನಾನ ಮಾಡಿ ಗ್ರಾಮದಾನ ಕೊಟ್ಟ ಏಲಾಪುರವೇ ಈ ಎಲ್ಲೋರ.

ವರಾಹವನ್ನು ಓಡಿಸಿದವರು ಅದರ ಲಾಂಛನವನ್ನು ತೆಗೆದುಕೊಳ್ಳಲಿಲ್ಲ. ಮುಂದಿನ ರಾಷ್ಟ್ರಕೂಟರ ಮುದ್ರೆಗಳಲ್ಲಿ ಕಾಣುವುದು ಗರುಡ. ಆದರೆ ವಲ್ಲಭನೆಂಬ ಹೆಸರನ್ನು ಮಾತ್ರ ಅವರು ಬಿಡಲಿಲ್ಲ. ಸ್ವಂತಕ್ಕೆ ಅವರು ಹೊಸ ಬಿರುದುಗಳ ಮಾದರಿಯನ್ನೇ ಕಂಡುಕೊಂಡರು: ಅಕಾಲವರ್ಷ, ಧಾರಾವರ್ಷ, ಪ್ರಭೂತವರ್ಷ, ಅಮೋಘವರ್ಷ ಎಂಬ ‘ವರ್ಷ’ಗಳು; ಶುಭತುಂಗ, ಜಗತ್ತುಂಗ, ನೃಪತುಂಗ ಎಂಬ ‘ತುಂಗ’ಗಳು. ಇವು ಆಯಾ ಅರಸನ ಸೊತ್ತು. ವಲ್ಲಭನೆಂಬುದು ಸಿಂಹಾಸನದ ಸೊತ್ತು, ಅದು ಹಳೆಯ ಮನೆಯಿಂದ ಬಂದುದು. ಸೋಲಿಸಲ್ಪಟ್ಟವರ ಹೆಸರನ್ನೇ ಧರಿಸಿ ಆಳುವುದರಲ್ಲಿ ಅವರಿಗೆ ಅವಮಾನವೇನೂ ಕಾಣಲಿಲ್ಲ. ಸಾಮ್ರಾಜ್ಯವು ಹೊಸದಾಗಿ ಹುಟ್ಟಿತೆಂದು ಪ್ರಜೆಗಳಿಗೆ ತೋರಿಸುವುದಕ್ಕಿಂತ, ಇದ್ದ ಸಾಮ್ರಾಜ್ಯಕ್ಕೇ ಒಡೆಯನು ಬದಲಾದನೆಂದು ತೋರಿಸುವುದು ಅವರಿಗೆ ಹೆಚ್ಚು ಬೇಕಾಗಿದ್ದಿತು. ಊರಿನ ಗಾವುಂಡನಿಗೂ ಅಗ್ರಹಾರದ ಮಹಾಜನರಿಗೂ ನಿನ್ನೆಯ ವಲ್ಲಭನು ಕೊಟ್ಟ ಭೂಮಿಯು ಇಂದಿನ ವಲ್ಲಭನ ಕಾಲದಲ್ಲಿಯೂ ಉಳಿಯುವುದೆಂಬ ಭರವಸೆ ಬೇಕಲ್ಲವೇ?

ಹೆಸರು ಹೇಗೆ ವ್ಯಕ್ತಿಯನ್ನೇ ನುಂಗಿತೆಂಬುದಕ್ಕೆ ಎರಡು ಸಾಕ್ಷಿಗಳಿವೆ. 783ರಲ್ಲಿ, ದಂತಿದುರ್ಗನು ಸತ್ತು ಮೂವತ್ತು ವರ್ಷಗಳೂ ತುಂಬದಿದ್ದಾಗ, ಪುನ್ನಾಟ ಸಂಘದ ಜಿನಸೇನಾಚಾರ್ಯರು ವರ್ಧಮಾನಪುರದಲ್ಲಿ ತಮ್ಮ ಹರಿವಂಶಪುರಾಣವನ್ನು ಮುಗಿಸುತ್ತ, ಆಗ ನಾಲ್ಕು ದಿಕ್ಕುಗಳಲ್ಲಿ ಆಳುತ್ತಿದ್ದ ಅರಸರನ್ನು ಹೇಳುವಾಗ, ದಕ್ಷಿಣದವನನ್ನು ಕೃಷ್ಣನೃಪನ ಮಗನಾದ ಶ್ರೀವಲ್ಲಭನೆಂದಷ್ಟೇ ಕರೆದರು. ಕೃಷ್ಣನಿಗೆ ಗೋವಿಂದನೂ ಧ್ರುವನೂ ಇಬ್ಬರು ಮಕ್ಕಳಿದ್ದುದರಿಂದ ಇವರಲ್ಲಿ ಯಾವನೆಂದು ಇತಿಹಾಸಕಾರರು ಜಗಳವಾಡುವಂತಾಯಿತು. ಗ್ರಂಥಕರ್ತರಿಗಾದರೋ ಅಷ್ಟು ಸಾಕೆನಿಸಿತ್ತು. ಎರಡನೆಯ ಸಾಕ್ಷಿಯು ಸಮುದ್ರದಾಚೆಯದು. 851ರಲ್ಲಿ ಅರಬ್ಬೀ ವರ್ತಕನಾದ ಸುಲೈಮಾನನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ವೃತ್ತಾಂತವು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಬಾಗ್ದಾದಿನ ಖಲೀಫ, ಚೀನದ ದೊರೆ, ರೂಮಿನ ದೊರೆ, ಇವರೊಡನೆ ‘ಬಲ್ಹರಾ’ನನ್ನೂ ಎಣಿಸಿ, ಅದು ಒಬ್ಬನ ಹೆಸರಲ್ಲ, ಪಾರಸಿಕರ ಖುಸ್ರು ಎಂಬಂತೆ ಆ ವಂಶದ ಎಲ್ಲ ಅರಸರಿಗೂ ಸಲ್ಲುವ ಪದವಿಯೆಂದು ವಿವರಿಸುತ್ತದೆ. ವಲ್ಲಭರಾಜನು ಪ್ರಾಕೃತಗಳನ್ನಾಡುವ ಬಾಯಿಗಳಲ್ಲಿ, ಬಂದರುಗಳ ದಲ್ಲಾಳಿಗಳ ನಾಲಗೆಯಲ್ಲಿ ಸವೆದು ಬಲ್ಹರಾ ಆಗಿದ್ದನು. ಆಗ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. ಯಾವ ವಂಶವನ್ನು ದಂತಿದುರ್ಗನು ಸಿಂಧದ ಗಡಿಯಿಂದ ಬಂದ ತಾಜಿಕರ ವಿರುದ್ಧ ಕಾದ ಸೇವೆಯಿಂದ ಮೇಲೆತ್ತಿದನೆಂದು ಊಹಿಸಲಾಗಿದೆಯೋ, ಆ ವಂಶದವರೇ ಅರಬ್ಬೀ ವರ್ತಕರಿಗೆ ಅತ್ಯಂತ ಅನುಕೂಲರೆಂಬ ಹೆಸರು ಪಡೆದುದು ಕಾಲದ ವಿನೋದ.

ಕಿತ್ತುಕೊಂಡ ಪದವಿಯನ್ನು ಕಿತ್ತುಕೊಳ್ಳುವವನೂ ಬಂದನು. 965ರ ಶಾಸನವೊಂದರಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕೆಳಗೆ ತರ್ದವಾಡಿ ಸಾಸಿರವನ್ನಾಳುತ್ತಿದ್ದ ತೈಲಪರಸನು ಮಹಾಸಾಮಂತಾಧಿಪತಿ, ದಂತಿದುರ್ಗನು 742ರಲ್ಲಿದ್ದ ಮೆಟ್ಟಿಲಿನಲ್ಲಿಯೇ. ಎಂಟೇ ವರ್ಷಗಳಲ್ಲಿ, 973ರಲ್ಲಿ, ಅವನು ರಾಷ್ಟ್ರಕೂಟ ಇಮ್ಮಡಿ ಕರ್ಕನನ್ನು ಉರುಳಿಸಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕನಾದನು. ಈ ಮಾಲಿಕೆಯ ಕೊನೆಗೆ ಅವನ ವಂಶದವರು ‘ಸತ್ಯಾಶ್ರಯಕುಲತಿಲಕ ಚಾಲುಕ್ಯಾಭರಣ’ ಎಂದು ಸೇರಿಸಿ, ಇದು ಹಿಂದೆಯೂ ನಮ್ಮದೇ ಆಗಿದ್ದಿತೆಂಬುದನ್ನು ಪ್ರತಿ ಶಾಸನದಲ್ಲಿಯೂ ನೆನಪಿಸತೊಡಗಿದರು. ರಾಷ್ಟ್ರಕೂಟರ ಕಡೆಯಿಂದ ಗಂಗ ಮಾರಸಿಂಹನು ತನ್ನ ನಂಟನಾದ ನಾಲ್ವಡಿ ಇಂದ್ರನಿಗೆ ಪಟ್ಟಕಟ್ಟಿ ನೋಡಿದನು, ಫಲಿಸಲಿಲ್ಲ. ಆ ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹವನ್ನು ತ್ಯಜಿಸಿದನು. ಅಲ್ಲಿ ಅವನ ನೆನಪಿಗಾಗಿ ನಿಲ್ಲಿಸಿದ ಕಂಬದ ಕನ್ನಡ ಶಾಸನವು ಅವನನ್ನು ರಟ್ಟಕಂದರ್ಪನೆಂದು ಕೊಂಡಾಡಿ, ಕುದುರೆಯೇರಿ ಚೆಂಡಾಡುವುದರಲ್ಲಿ ಅವನಿಗೆ ಸರಿಸಮಾನರಿಲ್ಲವೆಂಬುದನ್ನು ಬಹು ವಿಸ್ತಾರವಾಗಿ ವರ್ಣಿಸುತ್ತದೆ.